ಎಂಡಿಆರ್ ವಾರ್ಡಿನ ಸಿಬ್ಬಂದಿಗೆ ಅಂಟುವ ಕಳಂಕ: ಎದುರಿಸುವುದು ಹೇಗೆ?

ಆಸ್ಪತ್ರೆಗಳಲ್ಲಿ ಎಂಡಿಆರ್ ಟಿಬಿ ಎಂದು ಕರೆಯುವ ಬಹುಔಷಧ ನಿರೋಧಕ ಕ್ಷಯವು ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎಂಬ ಎರಡು ಮುಖ್ಯ ಔಷಧಗಳಿಗೂ ಬಗ್ಗದ ಕ್ಷಯ. ಈ ರೋಗಿಗಳ ಆರೈಕೆಯಲ್ಲಿರುವ ಸ್ಟಾಫ್ ನರ್ಸ್, ಎಸ್‌ಟಿಎಸ್ (ಹಿರಿಯ ಚಿಕಿತ್ಸಾ ಮೇಲ್ವಿಚಾರಕ), ಟಿಬಿ ಹೆಲ್ತ್ ವಿಸಿಟರ್, ಲ್ಯಾಬ್ ಟೆಕ್ನೀಷಿಯನ್, ಆಶಾ ಕಾರ್ಯಕರ್ತೆ, ವಾರ್ಡಿನ ಸ್ವಚ್ಛತಾ ಸಿಬ್ಬಂದಿ, ಇವರೆಲ್ಲರಿಗೂ ರೋಗಿಯ ಮೇಲಿನ ಕಳಂಕದಲ್ಲಿ ಒಂದು ಪಾಲು ಕೆಲಸದ ಜೊತೆಗೇ ಬರುತ್ತದೆ. ಕ್ಯಾಂಟೀನಿನಲ್ಲಿ ಪಕ್ಕದ ಕುರ್ಚಿ ಖಾಲಿ ಉಳಿಯುತ್ತದೆ. ಬಾಡಿಗೆ ಮನೆಯ ಮಾಲೀಕರು ಅಡ್ವಾನ್ಸ್ ವಾಪಸ್ ಕೊಡುವ ಮಾತು ತೆಗೆಯುತ್ತಾರೆ. ಹೆಣ್ಣು ನೋಡಲು ಬಂದವರು ‘ಯಾವ ವಾರ್ಡಿನಲ್ಲಿ ಡ್ಯೂಟಿ?’ ಎಂದು ಕೇಳಿ, ಉತ್ತರ ಕೇಳಿದ ಮೇಲೆ ಕಾಫಿ ಮುಗಿಸಿ ಹೊರಡುತ್ತಾರೆ. ಹಳ್ಳಿಯಲ್ಲಿ ‘ಟಿಬಿ ಸರ್’, ‘ಟಿಬಿ ಮೇಡಂ’ ಎಂಬ ಹೆಸರು ಬಿದ್ದರೆ ವರ್ಗಾವಣೆಯಾಗುವವರೆಗೂ ಅದು ಹೋಗುವುದಿಲ್ಲ.

ಈ ಬರಹ ಅಂಥ ಸಿಬ್ಬಂದಿಗಾಗಿ ಮತ್ತು ಅವರಿಗೆ ಡ್ಯೂಟಿ ಹಾಕುವವರಿಗಾಗಿ. ಜನರ ಅಜ್ಞಾನವನ್ನು ಬೈದು ಕಳಂಕ ಕಡಿಮೆಯಾದದ್ದನ್ನು ನಾನು ಕಂಡಿಲ್ಲ. ಕ್ಷಯ ಗಾಳಿಯಲ್ಲಿ ಹರಡುವ ರೋಗವಾದ್ದರಿಂದ ಭಯಕ್ಕೆ ಒಂದು ನಿಜವಾದ ಕಾರಣವಿದ್ದೇ ಇದೆ. ಆ ಕಾರಣ ಎಲ್ಲಿದೆಯೋ ಅಲ್ಲಿ ರಕ್ಷಣೆಯನ್ನು ಬಿಗಿಗೊಳಿಸಿ, ಅದಿಲ್ಲದ ಕಡೆಗಳಲ್ಲಿ ತೋರಿಕೆಯ ಮುನ್ನೆಚ್ಚರಿಕೆಗಳನ್ನು ಕೈಬಿಟ್ಟರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಕಾಗದಪತ್ರದ ಕೆಲಸ, ಮತ್ತು ಅದನ್ನು ಮಾಡಿಕೊಳ್ಳದೆ ನಷ್ಟಪಟ್ಟವರೇ ಹೆಚ್ಚು.

ಮೊದಲ ಹೆಜ್ಜೆ: ಅಪಾಯ ಎಲ್ಲಿದೆ ಎಂದು ನಿಮಗೇ ಖಚಿತವಾಗಲಿ

ಶ್ವಾಸಕೋಶದ ಕ್ಷಯವಿರುವ ವ್ಯಕ್ತಿ ಕೆಮ್ಮಿದಾಗ ಹೊರಬೀಳುವ ಅತಿಸೂಕ್ಷ್ಮ ಹನಿಗಳು ಒಣಗಿ ಹಗುರಾಗಿ, ಬಾಗಿಲು ಮುಚ್ಚಿದ ದೇವರ ಕೋಣೆಯಲ್ಲಿ ಊದಿನಕಡ್ಡಿಯ ಹೊಗೆ ನಿಲ್ಲುವ ಹಾಗೆ ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತಿರುತ್ತವೆ. ಅದೇ ಗಾಳಿಯನ್ನು ಬಹಳ ಹೊತ್ತು ಉಸಿರಾಡಿದವರಿಗೆ ಸೋಂಕು ತಗುಲಬಹುದು. ತಟ್ಟೆ, ಲೋಟ, ಹಾಸಿಗೆ, ಸೀರೆ, ಫೈಲು, ಕೈಕುಲುಕುವಿಕೆ ಇವುಗಳಿಂದ ಕ್ಷಯ ಹರಡುವುದಿಲ್ಲ. ಸೋಂಕು ತಗುಲಿದ ಎಲ್ಲರಿಗೂ ರೋಗ ಬರುವುದೂ ಇಲ್ಲ. ನೂರು ಜನರಲ್ಲಿ ಐದರಿಂದ ಹತ್ತು ಮಂದಿಗೆ ಜೀವಮಾನದಲ್ಲಿ ಎಂದಾದರೊಮ್ಮೆ ರೋಗ ಕಾಣಿಸಿಕೊಳ್ಳಬಹುದು. ಮಧುಮೇಹ, ಎಚ್‌ಐವಿ, ಅಪೌಷ್ಟಿಕತೆ, ತಂಬಾಕು ಮತ್ತು ಮದ್ಯಪಾನ ಈ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹರಡುವ ದಾರಿಯೂ ಸಾಧಾರಣ ಕ್ಷಯದ ದಾರಿಯೇ. ರೋಗ ಬಂದ ಮೇಲಿನ ಚಿಕಿತ್ಸೆ ಮಾತ್ರ ಕಷ್ಟದ್ದು.

ಚಿಕಿತ್ಸೆ ಶುರುವಾದ ರೋಗಿಯಿಂದ ಎಷ್ಟು ಅಪಾಯ ಎಂಬ ಪ್ರಶ್ನೆಗೆ ನಮ್ಮ ನೆರೆಯ ಊರಿನಲ್ಲೇ ಹಳೆಯ ಉತ್ತರವಿದೆ. 1956ರಲ್ಲಿ ಮದರಾಸಿನ ಕ್ಷಯ ಚಿಕಿತ್ಸಾ ಕೇಂದ್ರದಲ್ಲಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಸ್ಯಾನಟೋರಿಯಂ ಎಂಬ ಕ್ಷಯದ ಆಸ್ಪತ್ರೆಯಲ್ಲಿ, ಇನ್ನೊಂದನ್ನು ಇಕ್ಕಟ್ಟಾದ ಬಡ ಮನೆಗಳಲ್ಲೇ ಇಟ್ಟು ಚಿಕಿತ್ಸೆ ಕೊಡುವ ಅಧ್ಯಯನ ಆರಂಭವಾಯಿತು. ಮನೆಯಲ್ಲಿ ಚಿಕಿತ್ಸೆ ಪಡೆದವರ ಕುಟುಂಬದವರಿಗೆ ಹೆಚ್ಚಿನ ಅಪಾಯವೇನೂ ಆಗಲಿಲ್ಲ ಎಂಬ ಅದರ ಫಲಿತಾಂಶ 1959ರಲ್ಲಿ ಪ್ರಕಟವಾದ ಮೇಲೆ ಜಗತ್ತಿನ ಕ್ಷಯ ಚಿಕಿತ್ಸೆಯೇ ಸ್ಯಾನಟೋರಿಯಂ ಬಿಟ್ಟು ಮನೆಯ ಕಡೆ ತಿರುಗಿತು.

ಅದು ಸಾಧಾರಣ ಕ್ಷಯದ ಮಾತಾಯಿತು, ಎಂಡಿಆರ್ ಕಥೆ ಬೇರೆಯಲ್ಲವೇ ಎಂದು ಕೇಳುವವರಿಗೆ ದಕ್ಷಿಣ ಆಫ್ರಿಕಾದ ಎಮಲಾಲೇನಿಯಲ್ಲಿ ನಡೆದ ಪ್ರಯೋಗವನ್ನು ಹೇಳಬಹುದು. ಅಲ್ಲಿ ಎಂಡಿಆರ್ ವಾರ್ಡಿನ ಗಾಳಿಯನ್ನು ಕೊಳವೆಗಳ ಮೂಲಕ ಗಿನಿ ಹಂದಿಗಳ ಎರಡು ಕೋಣೆಗಳಿಗೆ ಹರಿಸಿದರು. ರೋಗಿಗಳು ಒಂದು ದಿನ ಸರ್ಜಿಕಲ್ ಮಾಸ್ಕ್ ಹಾಕಿಕೊಂಡಿದ್ದರೆ ಆ ದಿನದ ಗಾಳಿ ಒಂದು ಕೋಣೆಗೆ, ಮರುದಿನ ಮಾಸ್ಕ್ ಇಲ್ಲದಿದ್ದರೆ ಆ ಗಾಳಿ ಇನ್ನೊಂದಕ್ಕೆ. ಮಾಸ್ಕ್ ಇಲ್ಲದ ದಿನಗಳ ಗಾಳಿ ಉಸಿರಾಡಿದ 90 ಗಿನಿ ಹಂದಿಗಳಲ್ಲಿ 69ಕ್ಕೆ ಸೋಂಕು ತಗುಲಿತು. ಮಾಸ್ಕ್ ಇದ್ದ ದಿನಗಳ ಗಾಳಿ ಉಸಿರಾಡಿದ 90ರಲ್ಲಿ 36ಕ್ಕೆ ಮಾತ್ರ. 2012ರಲ್ಲಿ ಇದು ಪ್ರಕಟವಾಯಿತು. ಎರಡು ವರ್ಷಗಳ ನಂತರ ಅದೇ ತಂಡ, ತಕ್ಕ ಔಷಧ ಸೇವಿಸುತ್ತಿದ್ದ ಎಂಡಿಆರ್ ರೋಗಿಗಳಿಂದ ಸೋಂಕು ಹರಡುವುದು ತೀರ ಅಪರೂಪವೆಂದೂ ಹರಡಿದ್ದು ಬಹುಮಟ್ಟಿಗೆ ಸರಿಯಾದ ಔಷಧ ಸಿಗದೆ ಉಳಿದ ಎಕ್ಸ್‌ಡಿಆರ್ (ಇನ್ನೂ ಹೆಚ್ಚು ಔಷಧಗಳಿಗೆ ಬಗ್ಗದ ಕ್ಷಯದ) ರೋಗಿಗಳಿಂದ ಎಂದೂ ವರದಿ ಮಾಡಿತು.

ಇವೆರಡನ್ನೂ ಸೇರಿಸಿ ನೋಡಿದರೆ, ರೋಗ ಪತ್ತೆಯಾಗದವರು ಅಥವಾ ತಪ್ಪು ಔಷಧದಲ್ಲಿರುವವರು ಗಾಳಿಯಾಡದ ಜಾಗದಲ್ಲಿ ಕೆಮ್ಮುತ್ತಿರುವ ಕಡೆಯೇ ದೊಡ್ಡ ಅಪಾಯವಿದೆ ಎಂದಾಗುತ್ತದೆ. ಅಂಥ ಜಾಗ ಎಂಡಿಆರ್ ವಾರ್ಡಿಗಿಂತ ಹೆಚ್ಚಾಗಿ ಜನರಲ್ ಒಪಿಡಿಯ ಕಾರಿಡಾರ್, ಎಕ್ಸ್‌ರೇ ಕೋಣೆಯ ಮುಂದಿನ ಬೆಂಚು, ರಾತ್ರಿ ಕಿಟಕಿ ಮುಚ್ಚಿದ ಮೆಡಿಕಲ್ ವಾರ್ಡು. 2014ರಿಂದ 2016ರ ನಡುವೆ ನಡೆದ ರಾಷ್ಟ್ರೀಯ ಔಷಧ ನಿರೋಧಕತೆ ಸಮೀಕ್ಷೆಯಲ್ಲಿ ಹೊಸ ಕ್ಷಯ ರೋಗಿಗಳ ಪೈಕಿ ಶೇ. 2.84ರಷ್ಟು ಮಂದಿಗೂ ಹಿಂದೆ ಚಿಕಿತ್ಸೆ ಪಡೆದವರ ಪೈಕಿ ಶೇ. 11.6ರಷ್ಟು ಮಂದಿಗೂ ಎಂಡಿಆರ್ ಇದ್ದದ್ದು ಕಂಡುಬಂತು. ಇವರೂ ಮೊದಲು ಬಂದು ಕೂರುವುದು ಆ ಬೆಂಚಿನ ಮೇಲೆಯೇ. ಕ್ಯಾಂಟೀನಿನಲ್ಲಿ ನಿಮ್ಮಿಂದ ದೂರ ಸರಿದು ಕೂರುವ ಜನರಲ್ ಒಪಿಡಿಯ ಸಹೋದ್ಯೋಗಿ, ಎನ್95 ಹಾಕದೆ, ಯಾರಿಗೆ ಏನಿದೆಯೆಂದು ತಿಳಿಯದೆ ದಿನವಿಡೀ ಕೆಮ್ಮುವವರ ನಡುವೆ ಕೆಲಸ ಮಾಡಿ ಬಂದಿರುತ್ತಾರೆ. ಇದನ್ನು ಅವರಿಗೆ ಚುಚ್ಚುವ ಧಾಟಿಯಲ್ಲಿ ಹೇಳಬೇಡಿ. ಆದರೆ ನಿಮ್ಮ ಮನಸ್ಸಿನಲ್ಲಿ ಇದು ಸ್ಪಷ್ಟವಾಗಿರಲಿ.

ಎರಡನೆಯ ಹೆಜ್ಜೆ: ನಿಜವಾದ ರಕ್ಷಣೆ ಬಿಗಿ, ತೋರಿಕೆಯದು ರದ್ದು

ಮೊದಲು ಗಾಳಿ. ಎದುರುಬದುರಿನ ಕಿಟಕಿಗಳು ತೆರೆದಿರಬೇಕು. ಕ್ಷಯ ರೋಗಿಗಳಿರುವ ಕೋಣೆಯ ಗಾಳಿ ಗಂಟೆಗೆ ಕನಿಷ್ಠ 12 ಬಾರಿ ಬದಲಾಗಬೇಕೆಂಬುದು ಮಾರ್ಗಸೂಚಿಗಳು ಹೇಳುವ ಅಳತೆ. ಅಳೆಯುವ ಉಪಕರಣವಿಲ್ಲದ ಕಡೆ ಊದಿನಕಡ್ಡಿ ಸಾಕು. ರೋಗಿಯ ಮಂಚದ ಬಳಿ ಅದನ್ನು ಹಚ್ಚಿ ಹಿಡಿದು ಹೊಗೆ ಎತ್ತ ಹೋಗುತ್ತದೆಂದು ನೋಡಿ. ಅದು ನರ್ಸ್ ಮೇಜಿನ ಕಡೆಗೆ ಬರುತ್ತಿದ್ದರೆ ಮೇಜನ್ನು ಗಾಳಿ ಒಳಬರುವ ಕಿಟಕಿಯ ಕಡೆಗೆ ಸರಿಸಿ, ಗಾಳಿ ಮೊದಲು ನಿಮ್ಮನ್ನು ದಾಟಿ ಆಮೇಲೆ ರೋಗಿಯನ್ನು ದಾಟಿ ಹೊರಹೋಗುವಂತೆ ಮಾಡಿ. ಪೆಡೆಸ್ಟಲ್ ಫ್ಯಾನ್ ಇದ್ದರೆ ಅದರ ಮುಖವೂ ಹೊರಗಿನ ಕಿಟಕಿಯ ಕಡೆಗಿರಲಿ. ಇದಕ್ಕೆ ಯಾವ ಅನುದಾನವೂ ಬೇಡ. ಚಳಿಗಾಲದ ರಾತ್ರಿ ರೋಗಿಗಳು ಕಿಟಕಿ ಮುಚ್ಚುತ್ತಾರೆ ಎಂಬುದು ಎಲ್ಲ ಕಡೆಯ ದೂರು. ಹೆಚ್ಚುವರಿ ಕಂಬಳಿ ಕೊಡುವುದು ಅದಕ್ಕೆ ಪರಿಹಾರ. ಕಿಟಕಿ ಮುಚ್ಚುವುದನ್ನು ಒಪ್ಪಿಕೊಳ್ಳಬಾರದು. ಕಫವನ್ನು ಎಂದಿಗೂ ಕೋಣೆಯೊಳಗೆ, ಅದರಲ್ಲೂ ಶೌಚಾಲಯದಲ್ಲಿ ತೆಗೆಸಬೇಡಿ. ಬಯಲಿನಲ್ಲಿ, ಬಿಸಿಲಿದ್ದ ಕಡೆ, ಇತರರಿಂದ ದೂರದಲ್ಲಿ ಡಬ್ಬಿ ಕೊಟ್ಟು ಕಳಿಸಿ.

ಆಮೇಲೆ ಮಾಸ್ಕ್. ರೋಗಿಗೆ ಸರ್ಜಿಕಲ್ ಮಾಸ್ಕ್, ಸಿಬ್ಬಂದಿಗೆ ಎನ್95. ಇದನ್ನು ಅದಲುಬದಲು ಮಾಡಬೇಡಿ. ಎನ್95 ಅನ್ನು ಅಂಗೈಯಲ್ಲಿ ಬಟ್ಟಲಿನಂತೆ ಹಿಡಿದು ಗಲ್ಲದ ಕೆಳಗಿನಿಂದ ಮುಖಕ್ಕೆ ಒತ್ತಿ, ಮೇಲಿನ ಪಟ್ಟಿಯನ್ನು ತಲೆಯ ಹಿಂಭಾಗದ ಮೇಲಕ್ಕೂ ಕೆಳಗಿನ ಪಟ್ಟಿಯನ್ನು ಕಿವಿಗಳ ಕೆಳಗೆ ಕುತ್ತಿಗೆಗೂ ಹಾಕಬೇಕು. ಮೂಗಿನ ಮೇಲಿನ ಲೋಹದ ಪಟ್ಟಿಯನ್ನು ಎರಡೂ ಕೈಗಳ ಬೆರಳುಗಳಿಂದ ಒತ್ತಿ ಕೂರಿಸಿ, ಎರಡು ಅಂಗೈಗಳಿಂದ ಮಾಸ್ಕನ್ನು ಮುಚ್ಚಿಕೊಂಡು ಜೋರಾಗಿ ಉಸಿರು ಬಿಡಿ. ಕಣ್ಣಿನ ಕಡೆಗೆ ಗಾಳಿ ತಾಗಿದರೆ ಮೂಗಿನ ಪಟ್ಟಿ ಸರಿಯಿಲ್ಲ, ಕೆನ್ನೆಗೆ ತಾಗಿದರೆ ಎಲಾಸ್ಟಿಕ್ ಸಡಿಲವಿದೆ. ಗಡ್ಡದ ಮೇಲೆ ಎನ್95 ಕೂರುವುದಿಲ್ಲ. ಮತ್ತೆ ಬಳಸಬೇಕಾದರೆ ಒಗೆಯದೆ, ಹೆಸರು ಬರೆದ ಕಾಗದದ ಕವರಿನಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಅದು ಬೆವರುತ್ತದೆ. ಒದ್ದೆಯಾದರೆ, ಹರಿದರೆ, ಎಲಾಸ್ಟಿಕ್ ಸಡಿಲಾದರೆ ಎಸೆಯಿರಿ. ವಾರ್ಡಿನೊಳಗೆ ಕಾಲಿಟ್ಟ ಪ್ರತಿಯೊಬ್ಬರೂ, ತಜ್ಞ ವೈದ್ಯರಿಂದ ಹಿಡಿದು ಊಟದ ಟ್ರಾಲಿ ತರುವವರವರೆಗೆ, ಇದೇ ನಿಯಮ ಪಾಲಿಸಬೇಕು. ದೊಡ್ಡ ಡಾಕ್ಟರು ಮಾಸ್ಕ್ ಇಲ್ಲದೆ ಬಾಗಿಲಲ್ಲೇ ನಿಂತು ರೌಂಡ್ಸ್ ಮುಗಿಸಿ ಹೋದರೆ, ‘ಒಳಗೆ ಹೋಗುವುದೇ ಅಪಾಯ’ ಎಂಬ ಪಾಠವನ್ನು ಉಳಿದವರೆಲ್ಲ ಅವರಿಂದಲೇ ಕಲಿಯುತ್ತಾರೆ.

ಇನ್ನು ಕೈಬಿಡಬೇಕಾದವು. ಎಂಡಿಆರ್ ಸಿಬ್ಬಂದಿಗೆ ಬೇರೆ ಲೋಟ, ಕೇಸ್‌ಶೀಟಿಗೆ ಸ್ಯಾನಿಟೈಸರ್ ಸಿಂಪಡಿಸುವುದು, ವಾರ್ಡಿನ ಫೈಲುಗಳನ್ನು ಬಿಸಿಲಿಗೆ ಹಾಕುವುದು, ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಬೇರೆ ಪೆನ್ನು ಇಡುವುದು. ಇವು ಯಾವ ಸೋಂಕನ್ನೂ ತಡೆಯುವುದಿಲ್ಲ. ‘ಇವರನ್ನು ಮುಟ್ಟಬಾರದು’ ಎಂಬುದನ್ನು ಮಾತ್ರ ದಿನಕ್ಕೆ ಹತ್ತು ಬಾರಿ ಸಾರುತ್ತವೆ. ನೀವೇ ಸಂಕೋಚದಿಂದ ಬೇರೆ ಲೋಟ ಇಟ್ಟುಕೊಂಡಿದ್ದರೆ ಅದನ್ನು ಮೊದಲು ಬಿಡಿ. ನೀವೇ ಬೇರೆ ಲೋಟದಲ್ಲಿ ಕುಡಿಯುತ್ತಿರುವಾಗ ಹರಡುವುದಿಲ್ಲ ಎಂಬ ನಿಮ್ಮ ಮಾತನ್ನು ಯಾರು ನಂಬಬೇಕು?

ಮೂರನೆಯ ಹೆಜ್ಜೆ: ಮನೆಯಲ್ಲಿ ಹೇಳುವುದು

ಮನೆಯವರಿಂದ ಮುಚ್ಚಿಡುವುದು ಸುಲಭವೆನಿಸುತ್ತದೆ, ಆದರೆ ಬೇರೆಯವರ ಬಾಯಿಂದ ತಿಳಿದಾಗ ಭಯದ ಜೊತೆಗೆ ಸಿಟ್ಟೂ ಸೇರಿಕೊಳ್ಳುತ್ತದೆ. ಆದ್ದರಿಂದ ಡ್ಯೂಟಿ ಆರ್ಡರ್ ಬಂದ ವಾರದಲ್ಲೇ ಹೇಳಿ. ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರಿಗೆ ಮೊದಲು ಹೇಳುವುದು ಒಳ್ಳೆಯದು. ಅತ್ತೆ ‘ಆ ವಾರ್ಡಿಂದ ಬಂದವಳೇ ಮಗೂನ ಎತ್ಕೋತೀಯಲ್ಲಮ್ಮ’ ಎಂದರೆ, ‘ಅದು ಬಟ್ಟೆಯಿಂದ ಬರಲ್ಲ ಅತ್ತೆ, ಕೆಮ್ಮಿದ ಗಾಳಿಯಿಂದ ಬರೋದು. ಅಲ್ಲಿ ಇರೋ ಅಷ್ಟು ಹೊತ್ತೂ ಮಾಸ್ಕ್ ಹಾಕ್ಕೊಂಡಿರ್ತೀನಿ. ನನಗೇನಾದ್ರೂ ಕೆಮ್ಮು ಬಂದ್ರೆ ಅವತ್ತೇ ಪರೀಕ್ಷೆ ಮಾಡಿಸ್ತೀನಿ, ನಿಮಗೆ ಹೇಳದೆ ಇರಲ್ಲ’ ಎಂಬಷ್ಟು ಸಾಕು. ಗಿನಿ ಹಂದಿಗಳ ಪ್ರಯೋಗವನ್ನು ಅಡುಗೆಮನೆಯಲ್ಲಿ ವಿವರಿಸುವ ಅಗತ್ಯವಿಲ್ಲ. ಅವರ ಮನಸ್ಸಿಗೆ ಸಮಾಧಾನ ಕೊಡುವುದು ಆ ಕೊನೆಯ ವಾಕ್ಯ, ಅಂದರೆ ನಿಮಗೇನಾದರೂ ಆದರೆ ಮುಚ್ಚಿಡುವುದಿಲ್ಲ ಎಂಬ ಮಾತು.

ಬಂದ ಕೂಡಲೇ ಸ್ನಾನ ಮಾಡಿದರೆ ಮನೆಯವರಿಗೆ ನೆಮ್ಮದಿ ಎಂದಾದರೆ ಮಾಡಿ, ಅದರಿಂದ ನಷ್ಟವಿಲ್ಲ. ಅದು ಕ್ಷಯ ತಡೆಯುವ ಉಪಾಯ ಎಂದು ಮಾತ್ರ ಹೇಳಬೇಡಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಬಿಸಿಜಿ ಲಸಿಕೆ ಆಗಿದೆಯೇ ಎಂದು ನೋಡಿಕೊಳ್ಳಿ. ಅದು ಮಕ್ಕಳನ್ನು ಮಿದುಳಿನ ಕ್ಷಯದಂಥ ತೀವ್ರ ರೂಪಗಳಿಂದ ಕಾಪಾಡುತ್ತದೆ. ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ಅದನ್ನು ನಂಬಿ ಕೂರುವಂತಿಲ್ಲ.

ಮನೆ ಮಾಲೀಕರಿಗಾಗಲಿ ಪಕ್ಕದ ಮನೆಯವರಿಗಾಗಲಿ ನೀವು ಯಾವ ವಾರ್ಡಿನವರೆಂದು ಹೇಳುವ ಬಾಧ್ಯತೆ ನಿಮಗಿಲ್ಲ. ‘ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ’ ಎಂಬಲ್ಲಿಗೆ ಮಾತು ನಿಲ್ಲಿಸಬಹುದು. ಗೊತ್ತಾಗಿ ತೊಂದರೆ ಶುರುವಾದರೆ ನೀವೇ ವಾದಕ್ಕಿಳಿಯುವುದಕ್ಕಿಂತ, ನಿಮ್ಮ ವೈದ್ಯಾಧಿಕಾರಿಯನ್ನು ಒಮ್ಮೆ ಕರೆತಂದು ಮಾತಾಡಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಬಾಡಿಗೆ ಕರಾರು ಬರಹದಲ್ಲಿರಲಿ.

ನಾಲ್ಕನೆಯ ಹೆಜ್ಜೆ: ಹಳ್ಳಿ ಭೇಟಿ

ಕ್ಷೇತ್ರ ಸಿಬ್ಬಂದಿಯ ಕಷ್ಟಕ್ಕೆ ಎರಡು ಮುಖ. ರೋಗಿಯಿಂದ ಕಳಂಕ ಅವರಿಗೆ ಬರುತ್ತದೆ. ಅವರಿಂದ ರೋಗಿಗೂ ಹೋಗುತ್ತದೆ. ಎಸ್‌ಟಿಎಸ್ ಬೈಕು ಯಾರ ಮನೆಯ ಮುಂದೆ ನಿಂತಿತೆಂಬುದು ಓಣಿಗೆಲ್ಲ ತಿಳಿಯಲು ಕಾಲು ಗಂಟೆ ಬೇಕಿಲ್ಲ. ಆಮೇಲೆ ಆ ಮನೆಯವರು ಬಾಗಿಲು ತೆಗೆಯುವುದಿಲ್ಲ, ‘ಇನ್ನೊಮ್ಮೆ ಬರಬೇಡಿ ಸರ್’ ಎಂದು ಫೋನಿನಲ್ಲಿ ಬೇಡಿಕೊಳ್ಳುತ್ತಾರೆ, ಕೆಲವೊಮ್ಮೆ ಬಯ್ಯುತ್ತಾರೆ. ಅದನ್ನು ನಿಮ್ಮ ಮೇಲಿನ ಅವಮಾನವೆಂದು ತೆಗೆದುಕೊಳ್ಳಬೇಡಿ; ನಿಮ್ಮನ್ನು ಕಂಡರೆ ಅವರಿಗೆ ಊರಿನ ಕಣ್ಣು ನೆನಪಾಗುತ್ತದೆ.

ಇದಕ್ಕೆ ನಾಲ್ಕಾರು ಉಪಾಯಗಳು ಕ್ಷೇತ್ರದಲ್ಲೇ ಹುಟ್ಟಿವೆ. ಮೊದಲ ಭೇಟಿಗೆ ಮುಂಚೆಯೇ ಫೋನು ಮಾಡಿ, ಎಲ್ಲಿ ಭೇಟಿಯಾಗೋಣ ಎಂದು ರೋಗಿಯನ್ನೇ ಕೇಳಿ. ಆರೋಗ್ಯ ಉಪಕೇಂದ್ರ, ಹೊಲದ ಬದು, ಬಸ್ ನಿಲ್ದಾಣ, ಪರಿಚಯದ ಅಂಗಡಿ, ಎಲ್ಲಿ ಹೇಳಿದರೂ ಸರಿ. ಬಯಲಾದರೆ ಸೋಂಕಿನ ದೃಷ್ಟಿಯಿಂದಲೂ ಒಳ್ಳೆಯದೇ. ಮನೆಗೇ ಹೋಗಬೇಕಾದಾಗ ಬೈಕನ್ನು ದೂರದಲ್ಲಿ ನಿಲ್ಲಿಸಿ, ಗುರುತಿನ ಚೀಟಿ ಜೇಬಿನಲ್ಲಿರಲಿ, ಅದೇ ಬೀದಿಯ ಇನ್ನೆರಡು ಮನೆಗಳಲ್ಲೂ ಬಿಪಿ, ಶುಗರ್ ವಿಚಾರಿಸಿ. ಆಶಾ ಕಾರ್ಯಕರ್ತೆ ಬಾಣಂತಿಯರನ್ನು ನೋಡಲು ಹೇಗೂ ಬರುವವರಾದ್ದರಿಂದ ಅವರ ಜೊತೆ ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ದಾರಿ ಕೇಳುವಾಗ ‘ಟಿಬಿ ಪೇಷಂಟ್ ಮನೆ ಯಾವುದು?’ ಎನ್ನುವುದು ಅಕ್ಷಮ್ಯ. ಆದರೂ ಅದು ಇಂದಿಗೂ ನಡೆಯುತ್ತಿದೆ. ಮಾಸ್ಕನ್ನು ಮನೆಯ ಬಾಗಿಲಲ್ಲಿ ಎಲ್ಲರೆದುರು ಏರಿಸಬೇಡಿ. ಜಗಲಿಯಲ್ಲೋ ಹಿತ್ತಿಲಲ್ಲೋ ಗಾಳಿಗೆ ಕುಳಿತು ಮಾತಾಡಿ, ಒಳಗೆ ಹೋಗಲೇಬೇಕಾದಾಗ ಹಾಕಿಕೊಳ್ಳಿ, ಏಕೆಂದು ರೋಗಿಗೆ ಹೇಳಿಯೇ ಹಾಕಿಕೊಳ್ಳಿ.

ಚಿಕಿತ್ಸೆ ಈಗ ಮೊದಲಿನಷ್ಟು ಉದ್ದವಿಲ್ಲ ಎಂಬುದೂ ನಿಮ್ಮ ಕೈಯಲ್ಲಿರುವ ಒಂದು ಒಳ್ಳೆಯ ಸುದ್ದಿ. ಒಂದು ಕಾಲದಲ್ಲಿ ಎರಡು ವರ್ಷ, ಅದರಲ್ಲಿ ಹಲವು ತಿಂಗಳು ದಿನವೂ ಇಂಜೆಕ್ಷನ್, ಕೆಲವರಿಗೆ ಕಿವಿ ಕೇಳಿಸದಂತಾಗುವುದು, ಇವೆಲ್ಲ ಇದ್ದವು. ಬೆಡಾಕ್ವಿಲಿನ್, ಪ್ರಿಟೊಮಾನಿಡ್, ಲಿನೆಜೋಲಿಡ್ ಮತ್ತು ಮಾಕ್ಸಿಫ್ಲಾಕ್ಸಸಿನ್ ಸೇರಿದ ಆರು ತಿಂಗಳ ಮಾತ್ರೆಗಳ ಕ್ರಮಕ್ಕೆ ಕೇಂದ್ರ ಆರೋಗ್ಯ ಸಚಿವಾಲಯ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದೆ. ಎಲ್ಲ ರೋಗಿಗಳಿಗೂ ಅದು ಹೊಂದುವುದಿಲ್ಲ, ವೈದ್ಯರೇ ನಿರ್ಧರಿಸಬೇಕು. ಆದರೆ ‘ಎಂಡಿಆರ್ ಎಂದರೆ ಮುಗಿಯಿತು’ ಎಂಬ ಹಳೆಯ ಮಾತು ಸುಳ್ಳಾದಷ್ಟೂ ಆ ರೋಗಿಗಳ ಜೊತೆ ಓಡಾಡುವವರ ಮೇಲಿನ ಭಯವೂ ಇಳಿಯುತ್ತದೆ.

ದಾಳಿ, ಬೆದರಿಕೆಯವರೆಗೆ ಹೋದರೆ ಸಹಿಸಿಕೊಳ್ಳಬೇಡಿ. ಕರ್ತವ್ಯದಲ್ಲಿರುವ ವೈದ್ಯಕೀಯ ಸಿಬ್ಬಂದಿಗೆ ಹಿಂಸೆ ನೀಡುವುದು, ಬೆದರಿಸುವುದು, ಅಡ್ಡಿಪಡಿಸುವುದು ಕರ್ನಾಟಕದಲ್ಲಿ 2009ರ ಕಾಯ್ದೆಯ ಪ್ರಕಾರ ಅಪರಾಧ, ಮತ್ತು ಅದು ವೈದ್ಯರಿಗಷ್ಟೇ ಸೀಮಿತವಲ್ಲ.

ಐದನೆಯ ಹೆಜ್ಜೆ: ಆಸ್ಪತ್ರೆಯೊಳಗಿನ ಕಳಂಕ

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಇದೇ, ಏಕೆಂದರೆ ಇದು ತಿಳಿದವರಿಂದ ಬರುತ್ತದೆ. ಯಾರನ್ನು ಎಂಡಿಆರ್ ವಾರ್ಡಿಗೆ ಹಾಕುತ್ತಾರೆ ಎಂಬುದನ್ನು ಗಮನಿಸಿ: ರಜೆಯ ವಿಚಾರಕ್ಕೆ ಮೇಲಧಿಕಾರಿಯೊಡನೆ ಜಗಳವಾಡಿದವರು, ಹೊಸದಾಗಿ ಗುತ್ತಿಗೆ ಮೇಲೆ ಬಂದವರು, ಶಿಫಾರಸು ಇಲ್ಲದವರು. ವಾರ್ಡನ್ನು ಶಿಕ್ಷೆಯಾಗಿ ಬಳಸುವ ಆಸ್ಪತ್ರೆ, ಆಮೇಲೆ ಗೋಡೆಗೆ ‘ಕಳಂಕ ಬೇಡ’ ಎಂಬ ಪೋಸ್ಟರ್ ಅಂಟಿಸಿದರೆ ಅದನ್ನು ಓದುವವರು ನಗುತ್ತಾರೆ.

ಸಿಬ್ಬಂದಿ ಮಾಡಬಹುದಾದದ್ದು ಇಷ್ಟು. ಯಾರಾದರೂ ಲ್ಯಾಬಿನಲ್ಲಿ ನಿಮ್ಮ ವಾರ್ಡಿನ ಸ್ಯಾಂಪಲ್ ಮುಟ್ಟಲು ನಿರಾಕರಿಸಿದರೆ, ಲಿಫ್ಟಿನಲ್ಲಿ ನಿಮ್ಮನ್ನು ಬಿಟ್ಟುಕೊಳ್ಳದಿದ್ದರೆ, ಕ್ವಾರ್ಟರ್ಸ್ ಹಂಚಿಕೆಯಲ್ಲಿ ಹಿಂದಕ್ಕೆ ತಳ್ಳಿದರೆ, ದಿನಾಂಕ, ಸಮಯ, ಜಾಗ ಮತ್ತು ಆಡಿದ ಮಾತನ್ನು ಅವತ್ತೇ ಬರೆದಿಡಿ. ಮೊದಲ ಸಲ ಮುಖತಃ ಮಾತಾಡಿ. ಎರಡನೆಯ ಸಲ ನರ್ಸಿಂಗ್ ಸೂಪರಿಂಟೆಂಡೆಂಟ್ ಅಥವಾ ವೈದ್ಯಾಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ದೂರಿನಲ್ಲಿ ‘ಅವಮಾನವಾಯಿತು’ ಎಂಬುದಕ್ಕಿಂತ ‘ಇಂಥ ಪರೀಕ್ಷೆ ಇಷ್ಟು ಗಂಟೆ ತಡವಾಯಿತು, ರೋಗಿಯ ಔಷಧ ಇಷ್ಟು ದಿನ ನಿಂತಿತು’ ಎಂಬ ವಾಕ್ಯಕ್ಕೆ ತೂಕ ಹೆಚ್ಚು. ಒಬ್ಬರೇ ಕೊಡುವುದಕ್ಕಿಂತ ವಾರ್ಡಿನ ಎಲ್ಲರೂ ಸಹಿ ಹಾಕಿದರೆ, ಅದರಲ್ಲೂ ಗುತ್ತಿಗೆ ನೌಕರರ ಜೊತೆ ಕಾಯಂ ನೌಕರರೂ ಸೇರಿದರೆ, ಗುತ್ತಿಗೆಯವರೊಬ್ಬರ ಮೇಲೆಯೇ ಸಿಟ್ಟು ತೀರಿಸಿಕೊಳ್ಳುವುದು ಕಷ್ಟವಾಗುತ್ತದೆ. ಎಚ್‌ಐವಿ ಬಾಧಿತರಿಗೆ ತಾರತಮ್ಯದ ವಿರುದ್ಧ 2017ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂದಿದೆ, ಕ್ಷಯಕ್ಕೆ ಅಂಥದ್ದಿಲ್ಲ. ಆದ್ದರಿಂದಲೇ ಕಡತದಲ್ಲಿ ಕಾಗದ ಇರಬೇಕಾದ ಅಗತ್ಯ ಹೆಚ್ಚು.

ಡ್ಯೂಟಿ ಹಾಕುವವರಿಗೆ ಒಂದು ಮಾತು. ಸರದಿ ಎಲ್ಲರಿಗೂ ಬರಲಿ ಮತ್ತು ಎಷ್ಟು ತಿಂಗಳೆಂದು ಮೊದಲೇ ಬರಹದಲ್ಲಿರಲಿ. ಎನ್95 ದಾಸ್ತಾನು ಮುಗಿಯುವ ಮುನ್ನ ಇಂಡೆಂಟ್ ಹೋಗಲಿ. ಗರ್ಭಿಣಿಯರನ್ನೂ, ಮಧುಮೇಹ ಹತೋಟಿಯಲ್ಲಿಲ್ಲದವರನ್ನೂ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುತ್ತಿರುವವರನ್ನೂ ಬೇರೆ ಕಡೆಗೆ ಹಾಕಿ, ಆದರೆ ಕಾರಣವನ್ನು ಮೀಟಿಂಗಿನಲ್ಲಿ ಓದಬೇಡಿ. ನೀವು ಸ್ವತಃ ವಾರಕ್ಕೊಮ್ಮೆ ಆ ವಾರ್ಡಿನ ಸಿಬ್ಬಂದಿ ಕೋಣೆಯಲ್ಲಿ ಕುಳಿತು ಅವರ ಫ್ಲಾಸ್ಕಿನ ಟೀ ಕುಡಿಯಿರಿ. ಇದು ಯಾವ ತರಬೇತಿಗಿಂತಲೂ ಬೇಗ ಸುದ್ದಿಯಾಗುತ್ತದೆ.

ಆರನೆಯ ಹೆಜ್ಜೆ: ನಿಮಗೇ ಕೆಮ್ಮು ಬಂದರೆ

ಕಳಂಕ ನಿಜವಾಗಿ ಪ್ರಾಣಕ್ಕೆ ಬರುವುದು ಇಲ್ಲಿ. ರೋಗಿಗೆ ‘ಎರಡು ವಾರ ಕೆಮ್ಮಿದ್ದರೆ ಪರೀಕ್ಷೆ ಮಾಡಿಸಿ’ ಎಂದು ದಿನವೂ ಹೇಳುವವರು, ತಮಗೆ ಕೆಮ್ಮು ಬಂದಾಗ ಧೂಳು ಎನ್ನುತ್ತಾರೆ, ಅಲರ್ಜಿ ಎನ್ನುತ್ತಾರೆ, ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದು ನುಂಗುತ್ತಾರೆ, ಕೊನೆಗೆ ಪರಿಚಯದವರಿಲ್ಲದ ಊರಿಗೆ ಹೋಗಿ ಎಕ್ಸ್‌ರೇ ತೆಗೆಸುತ್ತಾರೆ. ಕೆಮ್ಮಿಗೆಂದು ನುಂಗಿದ ಫ್ಲೋರೋಕ್ವಿನೊಲೋನ್ ಗುಂಪಿನ ಮಾತ್ರೆ ಕ್ಷಯವನ್ನು ಸ್ವಲ್ಪ ಕಾಲ ಮರೆಮಾಚಿ, ಎಂಡಿಆರ್ ಚಿಕಿತ್ಸೆಯ ಒಂದು ಮುಖ್ಯ ಅಸ್ತ್ರವನ್ನೇ ಮೊಂಡು ಮಾಡಬಹುದು.

ನೀವು ದಿನವೂ ಸಂಪರ್ಕದಲ್ಲಿರುವವರಾದ್ದರಿಂದ ಎರಡು ವಾರ ಕಾಯಬೇಕಾಗಿಲ್ಲ. ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದಿದ್ದರೂ ಕಫ ಪರೀಕ್ಷೆಗೆ ಕೊಡಿ. ಸಿಬಿನಾಟ್ ಅಥವಾ ಟ್ರೂನಾಟ್ ಯಂತ್ರದಲ್ಲಿ ಕೆಲವೇ ಗಂಟೆಗಳಲ್ಲಿ ಕ್ಷಯವಿದೆಯೇ, ಅದು ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂಬುದು ತಿಳಿಯುತ್ತದೆ. ಕಫ ಕೊಡುವಾಗ ಎಂಡಿಆರ್ ರೋಗಿಗಳ ಸಂಪರ್ಕವಿರುವುದನ್ನು ಹೇಳಲು ಮರೆಯಬೇಡಿ. ವಾರ್ಡಿಗೆ ಸೇರುವ ದಿನವೇ ಒಂದು ಎದೆಯ ಎಕ್ಸ್‌ರೇ ತೆಗೆಸಿ ಇಟ್ಟುಕೊಳ್ಳುವುದೂ ಆಮೇಲೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳುವುದೂ ರೂಢಿಯಾಗಬೇಕು. ರೋಗ ಕೆಲಸದಿಂದಲೇ ಬಂತೆಂದು ಮುಂದೆ ತೋರಿಸಬೇಕಾದಾಗ ಆ ಮೊದಲ ಎಕ್ಸ್‌ರೇ ಮತ್ತು ಡ್ಯೂಟಿ ಪಟ್ಟಿಯ ಪ್ರತಿಗಳೇ ನಿಮ್ಮ ಸಾಕ್ಷಿ.

ಪರೀಕ್ಷೆಯಲ್ಲಿ ಕ್ಷಯ ಕಂಡರೆ ಹೆಸರು ಕ್ಷಯ ರೋಗಿಗಳನ್ನು ದಾಖಲಿಸುವ ಸರ್ಕಾರದ ನಿಕ್ಷಯ್ ಪೋರ್ಟಲ್‌ಗೆ ಹೋಗಲೇಬೇಕು, 2012ರಿಂದ ಕ್ಷಯ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ. ಆದರೆ ನಿಮ್ಮದೇ ಟಿಬಿ ಯೂನಿಟ್‌ನ ಸಹೋದ್ಯೋಗಿಗಳು ನಿಮ್ಮ ಕಾರ್ಡ್ ನೋಡುವುದು ಬೇಡವೆಂದಿದ್ದರೆ, ಜಿಲ್ಲಾ ಕ್ಷಯರೋಗ ನಿಯಂತ್ರಣಾಧಿಕಾರಿಯನ್ನು ಖುದ್ದಾಗಿ ಕಂಡು ಬೇರೆ ಯೂನಿಟ್‌ಗೆ ವರ್ಗಾಯಿಸಿ ಚಿಕಿತ್ಸೆ ಮುಂದುವರಿಸಲು ಕೇಳಿ. ಪೋರ್ಟಲ್‌ನಲ್ಲಿ ಆ ವರ್ಗಾವಣೆಗೆ ವ್ಯವಸ್ಥೆಯಿದೆ. ಯಾರಿಗೆ ತಿಳಿಯಲೇಬೇಕು ಎಂಬ ಪಟ್ಟಿ ಚಿಕ್ಕದು: ಚಿಕಿತ್ಸೆ ಕೊಡುವ ವೈದ್ಯರು, ರಜೆ ಮಂಜೂರು ಮಾಡುವ ಅಧಿಕಾರಿ, ಮನೆಯವರು. ಮನೆಯವರ ತಪಾಸಣೆಯೂ ಆಗಬೇಕಾದ್ದರಿಂದ ಅವರಿಂದ ಮುಚ್ಚಿಡಲಾಗದು. ಅವರಿಗೆ ಲಿವೊಫ್ಲಾಕ್ಸಸಿನ್ ಮುಂಜಾಗ್ರತಾ ಚಿಕಿತ್ಸೆ ಬೇಕೇ ಎಂದು ವೈದ್ಯರನ್ನು ಕೇಳಿ. ವಾಟ್ಸ್ಯಾಪ್ ಗುಂಪಿನಲ್ಲಿ ‘ನಮ್ಮ ಸಿಸ್ಟರ್‌ಗೆ ಬೇಗ ಗುಣವಾಗಲಿ’ ಎಂಬ ಸಂದೇಶ ಹಾಕುವ ಸಹೃದಯರನ್ನು ಮೊದಲೇ ತಡೆಯಿರಿ. ಕಾಯಿಲೆಯನ್ನು ಬಹಿರಂಗವಾಗಿ ಹೇಳಿಕೊಳ್ಳುವವರೂ ಇದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ಕೆಲಸದ ವೇಳೆ ಕ್ಷಯ ತಗುಲಿದ ವೈದ್ಯರು ಮತ್ತು ಆರೋಗ್ಯ ಸಿಬ್ಬಂದಿ ಟಿಬಿ ಪ್ರೂಫ್ ಎಂಬ ಸಂಘಟನೆ ಕಟ್ಟಿ ತಮ್ಮ ಕಥೆಗಳನ್ನೇ ಮುಂದಿಟ್ಟರು. ಅದು ದೊಡ್ಡ ಕೆಲಸ, ಆದರೆ ಅದನ್ನು ಯಾರ ಮೇಲೂ ಹೇರುವಂತಿಲ್ಲ.

ಹಣದ ವಿಷಯದಲ್ಲಿ ಸಂಕೋಚ ಬೇಡ. ಕ್ಷಯ ರೋಗಿಗಳ ಪೌಷ್ಟಿಕ ಆಹಾರಕ್ಕೆ ನೆರವಾಗುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿ ಸಿಗುತ್ತದೆ. ಆರೋಗ್ಯ ಸಿಬ್ಬಂದಿಯೂ ಅದಕ್ಕೆ ಅರ್ಹರು. ಖಾಸಗಿ ಆಸ್ಪತ್ರೆಯ ಅಥವಾ ಹೊರಗುತ್ತಿಗೆಯ ಸಿಬ್ಬಂದಿ ಇಎಸ್‌ಐ ವ್ಯಾಪ್ತಿಯಲ್ಲಿದ್ದು ಅದರ ಸೇವಾ ನಿಬಂಧನೆಗಳನ್ನು ಪೂರೈಸಿದ್ದರೆ, ಕ್ಷಯವು ವಿಸ್ತರಿತ ಅನಾರೋಗ್ಯ ಸೌಲಭ್ಯದ ಪಟ್ಟಿಯಲ್ಲಿರುವುದರಿಂದ ಶೇ. 80ರಷ್ಟು ವೇತನವನ್ನು ಎರಡು ವರ್ಷದವರೆಗೆ ಪಡೆಯಬಹುದು. ಇನ್ನೊಂದು ದಾರಿ ಅನೇಕರಿಗೆ ತಿಳಿದೇ ಇಲ್ಲ: 1923ರ ನೌಕರರ ಪರಿಹಾರ ಕಾಯ್ದೆಯ ಮೂರನೆಯ ಅನುಸೂಚಿಯು, ಆರೋಗ್ಯ ಅಥವಾ ಪ್ರಯೋಗಾಲಯದ ಕೆಲಸದಲ್ಲಿ ತಗುಲಿದ ಸಾಂಕ್ರಾಮಿಕ ರೋಗಗಳನ್ನು ಔದ್ಯೋಗಿಕ ರೋಗಗಳೆಂದು ಪರಿಗಣಿಸಿತ್ತು, ಅದರ ಜಾಗಕ್ಕೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಔದ್ಯೋಗಿಕ ರೋಗಗಳ ಅನುಸೂಚಿ ಮುಂದುವರಿದಿದೆ. ಅರ್ಜಿ ಹಾಕುವ ಮುನ್ನ ಕಾರ್ಮಿಕ ಇಲಾಖೆಯ ಕಚೇರಿಯಲ್ಲೋ ಸಂಘದ ವಕೀಲರಲ್ಲೋ ವಿಚಾರಿಸಿ, ನಿಮ್ಮ ಹುದ್ದೆಗೆ ಯಾವುದು ಅನ್ವಯವಾಗುತ್ತದೆಂದು ತಿಳಿದುಕೊಳ್ಳಿ.

ಔಷಧಗಳ ಅಡ್ಡಪರಿಣಾಮ ಕೆಲಸದ ಮೇಲೆಯೂ ಬೀಳುತ್ತದೆ. ಲಿನೆಜೋಲಿಡ್‌ನಿಂದ ಪಾದ ಜೋಮು ಹಿಡಿಯಬಹುದು, ರಕ್ತಹೀನತೆಯಾಗಬಹುದು, ದೃಷ್ಟಿ ಮಂದವಾಗಬಹುದು; ಬೆಡಾಕ್ವಿಲಿನ್ ಇರುವಾಗ ಇಸಿಜಿ ನೋಡುತ್ತಿರಬೇಕು; ಕ್ಲೋಫಾಜಿಮಿನ್ ಇರುವ ಚಿಕಿತ್ಸೆಯಲ್ಲಿ ಚರ್ಮ ಕಪ್ಪಾಗುವುದರಿಂದ ‘ಏನಾಯ್ತು, ಇಷ್ಟು ಕಪ್ಪಾಗಿದ್ದೀರಿ?’ ಎಂದು ಕೇಳುವವರಿಗೆ ಕೊರತೆಯಿರುವುದಿಲ್ಲ. ‘ಮಾತ್ರೆಯಿಂದ, ಸರಿಹೋಗುತ್ತೆ’ ಎಂದಷ್ಟೇ ಹೇಳಿ ಮುಂದೆ ನಡೆಯಿರಿ. ಚಿಕಿತ್ಸೆ ಮುಗಿದ ಮೇಲೆ ಬಣ್ಣ ನಿಧಾನವಾಗಿ ತಿಳಿಯಾಗುತ್ತದೆ, ಅದಕ್ಕೆ ತಿಂಗಳುಗಳೋ ವರ್ಷಗಳೋ ಬೇಕಾಗಬಹುದು. ಮನಸ್ಸು ಕುಸಿದರೆ, ನಿದ್ದೆ ಬಾರದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಕ್ಷಯದ ಬಗೆಗಿನ ಪ್ರಶ್ನೆಗಳಿಗೆ 1800-11-6666 ಶುಲ್ಕರಹಿತ ಸಂಖ್ಯೆ.

ಮತ್ತೆ ಕೆಲಸಕ್ಕೆ ಯಾವಾಗ ಎಂಬುದನ್ನು ಸಹೋದ್ಯೋಗಿಗಳ ಮುಖಭಾವ ತೀರ್ಮಾನಿಸಬಾರದು. ಕಫ ಪರೀಕ್ಷೆ ಮತ್ತು ಡಿಆರ್‌ಟಿಬಿ (ಔಷಧ ನಿರೋಧಕ ಕ್ಷಯ) ಕೇಂದ್ರದ ವೈದ್ಯರ ಪತ್ರ ತೀರ್ಮಾನಿಸಬೇಕು. ಆ ಪತ್ರದಲ್ಲಿ ‘ಕೆಲಸಕ್ಕೆ ಅರ್ಹರು, ಇವರಿಂದ ಸೋಂಕಿನ ಅಪಾಯವಿಲ್ಲ’ ಎಂಬ ವಾಕ್ಯವನ್ನು ಕೇಳಿ ಬರೆಸಿಕೊಳ್ಳಿ. ಕಾಲು ಜೋಮು ಇದ್ದರೆ ನಿಂತು ಮಾಡುವ ಕೆಲಸ ಮತ್ತು ರಾತ್ರಿ ಪಾಳಿ ಎಷ್ಟು ದಿನ ಬೇಡ ಎಂಬುದನ್ನೂ ಅದರಲ್ಲೇ ಸೇರಿಸಿ. ಪತ್ರದ ಮೂಲ ಪ್ರತಿ ನಿಮ್ಮಲ್ಲಿರಲಿ, ನಕಲು ಕಚೇರಿಗೆ ಹೋಗಲಿ, ಸ್ವೀಕೃತಿಯ ಮುದ್ರೆಯ ಜೊತೆ.